ಜಿಹಾದ್ ಎಂದರೆ ಏನು, ಏನಲ್ಲ

2023ರ ಜೂನ್ 14ರಂದು ಲೆಬನಾನಿನ ಸಂಸತ್ತು ಹೊಸ ರಾಷ್ಟ್ರಾಧ್ಯಕ್ಷರನ್ನು ಆರಿಸಲು ಸಭೆ ಸೇರಿತ್ತು. ಆ ದೇಶದ ರೂಢಿಯಂತೆ ಅಧ್ಯಕ್ಷ ಪದವಿ ಮರೋನೈಟ್ ಕ್ರೈಸ್ತರಿಗೆ ಮೀಸಲು. ಅಂದು ಮೊದಲ ಸುತ್ತಿನಲ್ಲಿ 59 ಮತ ಪಡೆದು ಮುಂದಿದ್ದವರು ದೇಶದ ಮಾಜಿ ಹಣಕಾಸು ಸಚಿವರು, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಹಿರಿಯ ಅಧಿಕಾರಿ. ಅವರ ಬೆನ್ನಿಗೆ ದೊಡ್ಡ ಕ್ರೈಸ್ತ ಪಕ್ಷಗಳಿದ್ದವು, ವಿರೋಧಿಸಿ ನಿಂತದ್ದು ಹಿಜ್ಬುಲ್ಲಾ. ಆ ಕ್ರೈಸ್ತ ಅಭ್ಯರ್ಥಿಯ ಹೆಸರು ಜಿಹಾದ್ ಅಝೂರ್.

ಅರಬಿ ಮಾತಾಡುವ ನಾಡುಗಳಲ್ಲಿ ಜಿಹಾದ್ ಎಂಬುದು ಮಕ್ಕಳಿಗಿಡುವ ಸಾಮಾನ್ಯ ಹೆಸರು. ಮುಸ್ಲಿಮರೂ ಇಡುತ್ತಾರೆ, ಕ್ರೈಸ್ತರೂ ಇಡುತ್ತಾರೆ. ಹೆಚ್ಚಾಗಿ ಗಂಡುಮಕ್ಕಳಿಗೆ, ಕೆಲವೊಮ್ಮೆ ಹೆಣ್ಣುಮಕ್ಕಳಿಗೂ. ನಮ್ಮಲ್ಲಿ ಮಗಳಿಗೆ ಸಾಧನಾ ಎಂದು ಹೆಸರಿಡುವವರ ಮನಸ್ಸಿನಲ್ಲಿ ಏನಿರುತ್ತದೋ ಹೆಚ್ಚು ಕಡಿಮೆ ಅದೇ ಭಾವ ಅಲ್ಲಿಯೂ ಇರುತ್ತದೆ. ಆದರೆ ಇದೇ ಪದ ನಮ್ಮ ದೂರದರ್ಶನ ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ಕಾಣಿಸಿಕೊಳ್ಳುವಾಗ ಅದರೊಂದಿಗೆ ಬಾಂಬು, ಬಂದೂಕು, ಸಂಚು ಎಂಬ ಚಿತ್ರಗಳೇ ಬರುತ್ತವೆ. ಈ ಚಿತ್ರಗಳು ಗಾಳಿಯಿಂದ ಹುಟ್ಟಿದವಲ್ಲ. ಈ ಪದದ ಹೆಸರಿನಲ್ಲಿ ಜನರನ್ನು ಕೊಂದವರಿದ್ದಾರೆ. ಹಾಗೆಂದು ಪದದ ಪೂರ್ತಿ ಕಥೆ ಅದಲ್ಲ. ಪದ ಎಲ್ಲಿಂದ ಬಂತು, ಧರ್ಮಗ್ರಂಥದಲ್ಲಿ ಹೇಗೆ ಬಳಕೆಯಾಗಿದೆ, ಅದರಲ್ಲಿ ಯುದ್ಧದ ಅರ್ಥ ಎಷ್ಟು, ಆ ಅರ್ಥಕ್ಕೆ ಯಾವ ಕಟ್ಟುಪಾಡುಗಳಿದ್ದವು ಎಂಬುದನ್ನು ಬುಡದಿಂದ ನೋಡಿದರೆ ಮಾತ್ರ ಕಥೆ ಬಿಡಿಸಿಕೊಳ್ಳುತ್ತದೆ.

ಮೂರು ಅಕ್ಷರಗಳ ಬೇರು

ಅರಬಿಯಲ್ಲಿ ಬಹುಪಾಲು ಪದಗಳು ಮೂರು ವ್ಯಂಜನಗಳ ಬೇರಿನಿಂದ ಚಿಗುರುತ್ತವೆ. ಕ-ತ-ಬ ಎಂಬ ಬೇರಿಗೆ ಬರೆಯುವುದು ಎಂಬ ಅರ್ಥ. ಅದರಿಂದಲೇ ಕಿತಾಬ್ ಬಂತು, ಬರೆಯುವವನಾದ ಕಾತಿಬ್ ಬಂದ, ಮಕ್ಕಳು ಓದು ಬರಹ ಕಲಿಯುವ ಮಕ್ತಬ್ ಬಂತು. ಹಾಗೆಯೇ ಜ-ಹ-ದ ಎಂಬ ಬೇರಿಗೆ ಶಕ್ತಿಮೀರಿ ಯತ್ನಿಸುವುದು, ಹೆಣಗುವುದು ಎಂದರ್ಥ. ಜುಹ್ದ್ ಎಂದರೆ ಶ್ರಮ. ಧರ್ಮಶಾಸ್ತ್ರದ ಕಗ್ಗಂಟೊಂದನ್ನು ಬಿಡಿಸಲು ವಿದ್ವಾಂಸನೊಬ್ಬ ತನ್ನ ಬುದ್ಧಿಯನ್ನೆಲ್ಲ ಪಣಕ್ಕಿಟ್ಟು ಯೋಚಿಸಿದರೆ ಅದು ಇಜ್ತಿಹಾದ್. ಸೂಫಿ ಸಾಧಕನೊಬ್ಬ ಉಪವಾಸ, ಜಾಗರಣೆ, ಮೌನಗಳಿಂದ ತನ್ನ ಮನಸ್ಸನ್ನು ಪಳಗಿಸಿದರೆ ಅದು ಮುಜಾಹದಾ. ಜಿಹಾದ್ ಮಾಡುವವನು ಮುಜಾಹಿದ್. ಉರ್ದು ಪತ್ರಿಕೆಗಳಲ್ಲಿ ಸ್ವಾತಂತ್ರ್ಯ ಹೋರಾಟಕ್ಕೂ ಕಾರ್ಮಿಕರ ಹೋರಾಟಕ್ಕೂ ದಿನನಿತ್ಯ ಬಳಸುವ ಜದ್ದೋಜಹದ್ ಎಂಬ ಪದದ ಕೊನೆಯ ಭಾಗವೂ ಇದೇ ಬೇರಿನದು. ಕನ್ನಡದ ಜಿದ್ದು, ಜಿದ್ದಾಜಿದ್ದಿ ಎಂಬ ಮಾತುಗಳಿಗೂ ಇದಕ್ಕೂ ಸಂಬಂಧವಿದೆಯೆಂದು ಕೆಲವರು ಊಹಿಸುತ್ತಾರೆ, ಅದು ತಪ್ಪು. ಜಿದ್ದು ಕೂಡ ಅರಬಿಯಿಂದಲೇ ಬಂದದ್ದಾದರೂ ಅದರ ಬೇರು ಬೇರೆ, ಅರ್ಥ ವಿರೋಧ.

ಕನ್ನಡದಲ್ಲಿ ಜಿಹಾದ್‌ಗೆ ತೀರಾ ಹತ್ತಿರ ನಿಲ್ಲುವ ಪದ ಹುಡುಕಿದರೆ ಅದು ಹೋರಾಟ. ಏಕೀಕರಣ ಹೋರಾಟ ಎನ್ನುತ್ತೇವೆ, ಕಾವೇರಿ ಹೋರಾಟ ಎನ್ನುತ್ತೇವೆ, ಕ್ಯಾನ್ಸರ್ ಜೊತೆ ಎರಡು ವರ್ಷ ಹೋರಾಡಿದರು ಎನ್ನುತ್ತೇವೆ, ಕಾರ್ಗಿಲ್‌ನಲ್ಲಿ ಹೋರಾಡಿ ಮಡಿದ ಯೋಧ ಎಂದೂ ಎನ್ನುತ್ತೇವೆ. ನಾಲ್ಕು ಕಡೆಯೂ ಪದ ಒಂದೇ, ಆಯುಧ ಇರುವುದು ಒಂದು ಕಡೆ ಮಾತ್ರ. ಕನ್ನಡ ಬಲ್ಲ ಯಾರಿಗೂ ಇದರಿಂದ ಗೊಂದಲವಾಗುವುದಿಲ್ಲ, ಏಕೆಂದರೆ ಸಂದರ್ಭ ಅರ್ಥವನ್ನು ಹೇಳುತ್ತದೆ. ಕನ್ನಡವೇ ಬಾರದವನೊಬ್ಬ ಹೋರಾಟ ಎಂದರೆ ಯುದ್ಧ ಎಂದಷ್ಟೇ ಕಲಿತು ನಮ್ಮ ಪತ್ರಿಕೆಗಳನ್ನು ಓದಿದರೆ, ಈ ರಾಜ್ಯದಲ್ಲಿ ದಿನವೂ ಯುದ್ಧ ನಡೆಯುತ್ತಿದೆ ಎಂದುಕೊಳ್ಳುತ್ತಾನೆ. ಜಿಹಾದ್ ಪದಕ್ಕೆ ಆಗಿರುವುದು ಬಹುಮಟ್ಟಿಗೆ ಇದೇ.

ನಮ್ಮ ಪತ್ರಿಕೆಗಳು ಈ ಪದವನ್ನು ಧರ್ಮಯುದ್ಧ ಎಂದು ಅನುವಾದಿಸುವುದು ರೂಢಿ. ಅದು ಪಾಶ್ಚಾತ್ಯರ ಪವಿತ್ರ ಯುದ್ಧ ಎಂಬ ಕಲ್ಪನೆಯ ಕನ್ನಡ ರೂಪ. ಜೆರುಸಲೇಮಿಗಾಗಿ 1095ರಿಂದಾಚೆಗೆ ಯುರೋಪಿನ ಕ್ರೈಸ್ತರು ನಡೆಸಿದ ದಂಡಯಾತ್ರೆಗಳ ನೆನಪು ಅದರ ಹಿಂದಿದೆ. ಅರಬಿಯಲ್ಲಿ ಯುದ್ಧಕ್ಕೆ ಹರ್ಬ್ ಎಂಬ ಪದವಿದೆ, ಕಾದಾಟಕ್ಕೆ ಕಿತಾಲ್ ಎಂಬ ಪದವಿದೆ. ಪವಿತ್ರ ಯುದ್ಧ ಎಂಬ ಜೋಡುಪದ ಮಾತ್ರ ಕುರ್‌ಆನ್‌ನಲ್ಲಿ ಎಲ್ಲಿಯೂ ಇಲ್ಲ. ಧರ್ಮಯುದ್ಧ ಎಂಬ ಕನ್ನಡ ಪದಕ್ಕೂ ಎರಡು ಮುಖಗಳಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮತಕ್ಕಾಗಿ ನಡೆಯುವ ಯುದ್ಧ ಎಂಬುದು ಇತ್ತೀಚಿನ ಅರ್ಥ. ಧರ್ಮದ ಕಟ್ಟಳೆಗಳನ್ನು ಮೀರದೆ ನಡೆಸುವ ಯುದ್ಧ ಎಂಬುದು ಮಹಾಭಾರತದಿಂದ ನಮಗೆ ಬಂದ ಹಳೆಯ ಅರ್ಥ.

ಮೆಕ್ಕಾದ ಹದಿಮೂರು ವರ್ಷ

ಮುಸ್ಲಿಮರ ನಂಬಿಕೆಯಂತೆ ಕುರ್‌ಆನ್ ಪ್ರವಾದಿ ಮುಹಮ್ಮದರಿಗೆ ಸುಮಾರು 23 ವರ್ಷಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಅವತೀರ್ಣವಾಯಿತು. ಕ್ರಿ.ಶ. 610ರಿಂದ 622ರವರೆಗಿನ ಭಾಗ ಮೆಕ್ಕಾ ನಗರದ್ದು, 622ರಿಂದ 632ರವರೆಗಿನದು ಮದೀನಾದ್ದು. ಮೆಕ್ಕಾದಲ್ಲಿ ಅನುಯಾಯಿಗಳು ಕೆಲವೇ ಮಂದಿ, ಅಧಿಕಾರವಿರಲಿಲ್ಲ, ಕಿರುಕುಳವಿತ್ತು, ಬಹಿಷ್ಕಾರವಿತ್ತು. ಕೈ ಎತ್ತಲು ಅವರಿಗೆ ಅನುಮತಿ ಇರಲಿಲ್ಲ. ಆದರೂ ಆ ಕಾಲದ್ದೆಂದು ಗುರುತಿಸಲಾಗುವ ಸೂಕ್ತಗಳಲ್ಲಿ ಜಿಹಾದ್ ಎಂಬ ಮಾತು ಬರುತ್ತದೆ. 25ನೇ ಅಧ್ಯಾಯದ 52ನೇ ಸೂಕ್ತ, ಸತ್ಯವನ್ನು ನಿರಾಕರಿಸುವವರ ಮಾತಿಗೆ ಮಣಿಯಬೇಡ, ಇದರ ಮೂಲಕ ಅವರೊಂದಿಗೆ ದೊಡ್ಡ ಜಿಹಾದ್ ಮಾಡು ಎಂದು ಹೇಳುತ್ತದೆ. ಇದರ ಮೂಲಕ ಎಂದರೆ ಕುರ್‌ಆನ್‌ನ ಮೂಲಕ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ದೊಡ್ಡ ಜಿಹಾದ್ ಎಂದು ಕರೆಸಿಕೊಂಡ ಕೆಲಸ ಇಲ್ಲಿ ಮಾತು, ಮನವರಿಕೆ, ಸಹನೆ.

ಇದಕ್ಕಿಂತಲೂ ಹತ್ತಿರದಿಂದ ನೋಡಬೇಕಾದದ್ದು 31ನೇ ಅಧ್ಯಾಯದ 15ನೇ ಸೂಕ್ತ. ಮೊದಲ ಸಲ ಇದನ್ನು ಅರ್ಥದೊಂದಿಗೆ ಓದಿದಾಗ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಸಂದರ್ಭ ಹೀಗಿದೆ: ಮಗ ಏಕದೇವ ನಂಬಿಕೆಗೆ ಬಂದಿದ್ದಾನೆ, ತಂದೆತಾಯಿ ಹಳೆಯ ದೇವತೆಗಳನ್ನೇ ನಂಬುತ್ತಾರೆ, ಮಗನನ್ನು ಹಿಂದಕ್ಕೆ ಕರೆತರಲು ಅವರು ಹೆಣಗುತ್ತಿದ್ದಾರೆ. ಆಗ ಮಗ ಏನು ಮಾಡಬೇಕು? ಅವರು ಹಾಗೆ ಒತ್ತಾಯಿಸಿದರೆ ಅದೊಂದರಲ್ಲಿ ಅವರ ಮಾತು ಕೇಳಬೇಡ, ಆದರೆ ಈ ಲೋಕದಲ್ಲಿ ಅವರ ಜೊತೆ ಒಳ್ಳೆಯ ರೀತಿಯಲ್ಲಿ ಬಾಳು ಎನ್ನುತ್ತದೆ ಸೂಕ್ತ. ತಂದೆತಾಯಿಯ ಆ ಒತ್ತಾಯಕ್ಕೆ ಮೂಲ ಅರಬಿಯಲ್ಲಿರುವ ಕ್ರಿಯಾಪದ ಜಾಹದಾ, ಅಂದರೆ ಜಿಹಾದ್ ಮಾಡಿದರು. ಇಲ್ಲಿ ಜಿಹಾದ್ ಮಾಡುತ್ತಿರುವವರು ಮುಸ್ಲಿಮರಲ್ಲ, ಬಹುದೇವಾರಾಧಕರಾದ ತಂದೆತಾಯಿ. ಅವರು ಮಾಡುತ್ತಿರುವುದು ಮಗನ ಮನಸ್ಸು ತಿರುಗಿಸುವ ಪ್ರಯತ್ನ. ಪದದ ಮೂಲ ಹರವು ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಕತ್ತಿ ಎಲ್ಲಿ ಬಂತು

622ರಲ್ಲಿ ಪ್ರವಾದಿಯವರೂ ಅನುಯಾಯಿಗಳೂ ಮನೆಮಠ ಬಿಟ್ಟು ಮದೀನಾಕ್ಕೆ ವಲಸೆ ಹೋದರು. ಮುಸ್ಲಿಮರ ಕಾಲಗಣನೆಯಾದ ಹಿಜರಿ ಶಕೆ ಆರಂಭವಾಗುವುದು ಅಲ್ಲಿಂದ. ಮದೀನಾದಲ್ಲಿ ಪ್ರವಾದಿಯವರು ಒಂದು ಸಮುದಾಯದ ಮುಖಂಡರೂ ಆದರು, ನ್ಯಾಯ ಹೇಳುವವರೂ ಆದರು, ಸೇನೆ ನಡೆಸುವವರೂ ಆದರು. ಮೆಕ್ಕಾದವರೊಂದಿಗೆ 624ರಲ್ಲಿ ಬದ್ರ್, 625ರಲ್ಲಿ ಉಹುದ್, 627ರಲ್ಲಿ ಕಂದಕದ ಕಾಳಗ ನಡೆದವು. ಕಾದಾಟಕ್ಕೆ ಮೊದಲು ಅನುಮತಿ ಕೊಟ್ಟದ್ದೆಂದು ಬಹಳಷ್ಟು ವ್ಯಾಖ್ಯಾನಕಾರರು ಹೇಳುವ ಸೂಕ್ತಗಳು 22ನೇ ಅಧ್ಯಾಯದ 39 ಮತ್ತು 40. ಯಾರ ಮೇಲೆ ಯುದ್ಧ ಹೇರಲಾಗಿದೆಯೋ ಅವರಿಗೆ, ಅವರು ಅನ್ಯಾಯಕ್ಕೊಳಗಾದ ಕಾರಣ, ಅನುಮತಿ ನೀಡಲಾಗಿದೆ. ನಮ್ಮ ಪ್ರಭು ಅಲ್ಲಾಹನು ಎಂದು ಹೇಳಿದ್ದಕ್ಕಷ್ಟೇ ಮನೆಗಳಿಂದ ಹೊರಹಾಕಲ್ಪಟ್ಟವರು ಅವರು ಎಂದು ಆ ಸೂಕ್ತಗಳು ಕಾರಣ ಕೊಡುತ್ತವೆ. ಮುಂದುವರಿದು, ಜನರಲ್ಲಿ ಕೆಲವರನ್ನು ಕೆಲವರ ಮೂಲಕ ದೇವರು ತಡೆಯದೆ ಹೋಗಿದ್ದರೆ ಸನ್ಯಾಸಿಗಳ ಆಶ್ರಮಗಳು, ಚರ್ಚುಗಳು, ಯಹೂದಿಗಳ ಪ್ರಾರ್ಥನಾಲಯಗಳು, ಮಸೀದಿಗಳು ನೆಲಸಮವಾಗುತ್ತಿದ್ದವು ಎಂದೂ ಹೇಳುತ್ತವೆ. ಆ ಪಟ್ಟಿಯಲ್ಲಿ ಮಸೀದಿ ಬರುವುದು ಕೊನೆಗೆ.

2ನೇ ಅಧ್ಯಾಯದ 190ನೇ ಸೂಕ್ತ ಇನ್ನೊಂದು ಮೇರೆ ಹಾಕುತ್ತದೆ: ನಿಮ್ಮ ಮೇಲೆ ಕಾದಾಡುವವರೊಂದಿಗೆ ಕಾದಾಡಿರಿ, ಆದರೆ ಮಿತಿ ಮೀರಬೇಡಿರಿ. 8ನೇ ಅಧ್ಯಾಯದ 61ನೇ ಸೂಕ್ತ, ಎದುರಾಳಿಗಳು ಶಾಂತಿಯ ಕಡೆ ವಾಲಿದರೆ ನೀನೂ ವಾಲು ಎನ್ನುತ್ತದೆ. 628ರಲ್ಲಿ ಹುದೈಬಿಯಾ ಎಂಬಲ್ಲಿ ಮೆಕ್ಕಾದವರೊಂದಿಗೆ ಆದ ಒಪ್ಪಂದ ಅನುಯಾಯಿಗಳಲ್ಲಿ ಹಲವರಿಗೆ ಸೋಲೆಂದೇ ಅನ್ನಿಸಿತ್ತು. ಆ ವರ್ಷ ಕಾಬಾ ದರ್ಶನವಿಲ್ಲದೆ ಹಿಂದಿರುಗಲು ಪ್ರವಾದಿಯವರು ಒಪ್ಪಿದ್ದರು. ಕುರ್‌ಆನ್‌ನ 48ನೇ ಅಧ್ಯಾಯ ಸ್ಪಷ್ಟ ವಿಜಯ ಎಂದು ಕರೆಯುವುದು ಈ ಒಪ್ಪಂದವನ್ನೇ ಎಂದು ಬಹುತೇಕ ವ್ಯಾಖ್ಯಾನಗಳು ಹೇಳುತ್ತವೆ.

ಹೀಗಾಗಿ ಜಿಹಾದ್‌ನಲ್ಲಿ ಯುದ್ಧದ ಅರ್ಥವೇ ಇಲ್ಲ ಎನ್ನುವುದು ಸರಿಯಲ್ಲ. ಮದೀನಾ ಕಾಲದ ಸೂಕ್ತಗಳಲ್ಲಿ ಸಂಪತ್ತಿನಿಂದಲೂ ಪ್ರಾಣದಿಂದಲೂ ಜಿಹಾದ್ ಮಾಡುವವರನ್ನು ಹೊಗಳುವ ಮಾತುಗಳಿವೆ, ಅಲ್ಲಿ ರಣರಂಗವೇ ಉದ್ದೇಶಿತ ಅರ್ಥ. ಕುರ್‌ಆನ್‌ನಲ್ಲಿ ಈ ಬೇರಿನ ಪದಗಳು ಸುಮಾರು 40 ಕಡೆ ಬರುತ್ತವೆ. ಕೆಲವು ಕಡೆ ಯುದ್ಧ, ಕೆಲವು ಕಡೆ ಅಲ್ಲ, ಇನ್ನು ಕೆಲವು ಕಡೆ ಎರಡನ್ನೂ ಒಳಗೊಳ್ಳುವ ಶ್ರಮ. ಪ್ರತಿಯೊಂದನ್ನೂ ಅದರ ಜಾಗದಲ್ಲೇ ಓದಬೇಕಾಗುತ್ತದೆ.

ತಂದೆತಾಯಿ ಇದ್ದಾರೆಯೇ?

ಪ್ರವಾದಿಯವರ ನುಡಿ ಮತ್ತು ನಡೆಗಳ ದಾಖಲೆಗಳಿಗೆ ಹದೀಸ್ ಎನ್ನುತ್ತಾರೆ. ಸುನ್ನಿಗಳು ಅತ್ಯಂತ ವಿಶ್ವಾಸಾರ್ಹವೆಂದು ಭಾವಿಸುವ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡರಲ್ಲೂ ಒಂದು ಪ್ರಸಂಗವಿದೆ. ಒಬ್ಬಾತ ಬಂದು ಜಿಹಾದ್‌ಗೆ ಹೊರಡಲು ಅನುಮತಿ ಕೇಳುತ್ತಾನೆ. ಪ್ರವಾದಿಯವರು, ನಿನ್ನ ತಂದೆತಾಯಿ ಬದುಕಿದ್ದಾರೆಯೇ ಎಂದು ಕೇಳುತ್ತಾರೆ. ಇದ್ದಾರೆ ಎನ್ನುತ್ತಾನೆ ಆತ. ಹಾಗಾದರೆ ಅವರ ವಿಷಯದಲ್ಲಿ ಜಿಹಾದ್ ಮಾಡು ಎಂಬುದು ಉತ್ತರ. ಯುದ್ಧಕ್ಕೆ ಸಿದ್ಧನಾಗಿ ಬಂದವನನ್ನು ಮುಪ್ಪಿನ ತಂದೆತಾಯಿಯ ಸೇವೆಗೆ ತಿರುಗಿ ಕಳಿಸುವಾಗ ಬಳಸಿದ್ದು ಅದೇ ಪದ.

ಇನ್ನೊಮ್ಮೆ ಪತ್ನಿ ಆಯಿಷಾ, ಜಿಹಾದ್ ಅತ್ಯುತ್ತಮ ಕೆಲಸವೆಂದು ನಮಗೆ ತೋರುತ್ತದೆ, ಹೆಂಗಸರಾದ ನಾವೂ ಮಾಡಬಾರದೇ ಎಂದು ಕೇಳಿದಾಗ, ನಿಮಗೆ ಅತ್ಯುತ್ತಮ ಜಿಹಾದ್ ಎಂದರೆ ಶುದ್ಧವಾಗಿ ನೆರವೇರಿಸಿದ ಹಜ್ ಎಂದು ಹೇಳಿದ ದಾಖಲೆ ಬುಖಾರಿಯಲ್ಲಿದೆ. ದಬ್ಬಾಳಿಕೆಯ ದೊರೆಯ ಮುಂದೆ ನ್ಯಾಯದ ಮಾತನಾಡುವುದು ಶ್ರೇಷ್ಠ ಜಿಹಾದ್ ಎಂಬುದು ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ತನ್ನ ನಫ್ಸ್‌ನ ವಿರುದ್ಧ ಜಿಹಾದ್ ಮಾಡುವವನೇ ಮುಜಾಹಿದ್ ಎಂಬುದೂ ತಿರ್ಮಿದಿಯಲ್ಲಿದೆ. ನಫ್ಸ್ ಎಂದರೆ ಕೆಡುಕಿನ ಕಡೆ ಎಳೆಯುವ ಒಳಮನಸ್ಸು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂಬ ಅರಿಷಡ್ವರ್ಗಗಳನ್ನು ಗೆಲ್ಲುವ ಮಾತನ್ನು ಕೇಳುತ್ತ ಬೆಳೆದ ಕನ್ನಡ ಓದುಗರಿಗೆ ಇದು ಅಪರಿಚಿತ ವಿಚಾರವಲ್ಲ. ರಂಜಾನಿನಲ್ಲಿ ನಸುಕಿನ ಊಟವಾದ ಸಹರಿಗೆ ಏಳುವುದು, ಸುಡು ಮಧ್ಯಾಹ್ನ ಬಾಯಾರಿದರೂ ನೀರು ಮುಟ್ಟದಿರುವುದು, ಹಸಿದ ಹೊಟ್ಟೆಯಲ್ಲಿ ಸಿಟ್ಟನ್ನು ನುಂಗಿಕೊಳ್ಳುವುದು ಇವೆಲ್ಲ ಸಾಮಾನ್ಯ ಮುಸ್ಲಿಮನೊಬ್ಬ ವರ್ಷವರ್ಷವೂ ನಡೆಸುವ ಜಿಹಾದ್ ಎಂದು ಮಸೀದಿಗಳ ಉಪನ್ಯಾಸಗಳಲ್ಲಿ ಹೇಳುವುದುಂಟು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಯುದ್ಧದಿಂದ ಹಿಂದಿರುಗುವಾಗ ಪ್ರವಾದಿಯವರು, ಕಿರಿಯ ಜಿಹಾದ್‌ನಿಂದ ಹಿರಿಯ ಜಿಹಾದ್‌ಗೆ ಮರಳುತ್ತಿದ್ದೇವೆ ಎಂದರು, ಹಿರಿಯದೆಂದರೆ ಮನಸ್ಸಿನೊಂದಿಗಿನ ಹೋರಾಟ ಎಂಬ ಮಾತು ಬಹಳ ಪ್ರಸಿದ್ಧ. ಸೂಫಿಗಳು ಇದನ್ನು ಎದೆಗಪ್ಪಿಕೊಂಡರು, 1111ರಲ್ಲಿ ತೀರಿಕೊಂಡ ಗಝಾಲಿಯಂಥ ಮಹಾ ವಿದ್ವಾಂಸರೂ ಬಳಸಿದರು. ಆದರೆ ಹದೀಸ್‌ಗಳ ಪರಂಪರೆಯನ್ನು ಒರೆಗೆ ಹಚ್ಚುವ ಪಂಡಿತರು ಇದರ ನಿರೂಪಕರ ಸರಪಳಿ ದುರ್ಬಲವೆಂದು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮಧ್ಯಯುಗದ ಪ್ರಭಾವಿ ಧರ್ಮಪಂಡಿತ ಇಬ್ನ್ ತೈಮಿಯ್ಯಾ ಇದಕ್ಕೆ ಆಧಾರವೇ ಇಲ್ಲವೆಂದರು. ಜಿಹಾದ್ ಎಂದರೆ ಬರೀ ಆತ್ಮಸಂಯಮ ಎಂದು ವಾದಿಸುವವರು ಈ ಒಂದೇ ಮಾತಿನ ಮೇಲೆ ಇಡೀ ಭಾರ ಹೊರಿಸಿದರೆ ವಾದ ಕುಸಿಯುತ್ತದೆ. ಒಳಗಿನ ಹೋರಾಟದ ಅರ್ಥಕ್ಕೆ ಗಟ್ಟಿ ಆಧಾರಗಳು ಬೇರೆಯೇ ಇವೆ, ಮೇಲೆ ಹೇಳಿದವು ಅವೇ.

ಶಾಸ್ತ್ರಕಾರರು ಕಟ್ಟಿದ ಬೇಲಿ

ಪ್ರವಾದಿಯವರ ಕಾಲಾನಂತರ ಒಂದು ಶತಮಾನದೊಳಗೆ ಅರಬರ ಆಳ್ವಿಕೆ ಸ್ಪೇನ್‌ನಿಂದ ಸಿಂಧ್‌ವರೆಗೆ ಹಬ್ಬಿತು. ಫಿಕ್ಹ್ ಎಂದು ಕರೆಯುವ ಇಸ್ಲಾಮೀ ನ್ಯಾಯಶಾಸ್ತ್ರ ಬೆಳೆದದ್ದು ಈ ಸಾಮ್ರಾಜ್ಯಗಳ ನೆರಳಿನಲ್ಲಿ. ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಜಿಹಾದ್ ಎಂಬ ಅಧ್ಯಾಯವಿದ್ದರೆ ಅಲ್ಲಿ ಚರ್ಚೆಯಾಗುವುದು ಮುಖ್ಯವಾಗಿ ಯುದ್ಧವೇ, ಆತ್ಮಸಂಯಮವಲ್ಲ. ಲೋಕವನ್ನು ಇಸ್ಲಾಮಿನ ನೆಲೆ ಮತ್ತು ಯುದ್ಧದ ನೆಲೆ ಎಂದು ವಿಭಾಗಿಸಿದ ದಾರುಲ್ ಇಸ್ಲಾಂ, ದಾರುಲ್ ಹರ್ಬ್ ಎಂಬ ಪರಿಭಾಷೆಯನ್ನು ರೂಪಿಸಿದವರು ಈ ಶಾಸ್ತ್ರಕಾರರು, ಅದು ಕುರ್‌ಆನ್‌ನಲ್ಲಿಲ್ಲ. ದಾಳಿಗೆ ಉತ್ತರವಾಗಿ ಮಾತ್ರವಲ್ಲ, ರಾಜ್ಯ ವಿಸ್ತರಣೆಗಾಗಿಯೂ ದೊರೆ ಯುದ್ಧ ಹೂಡಬಹುದೆಂದು ಮಧ್ಯಯುಗದ ಹಲವು ಶಾಸ್ತ್ರಕಾರರು ಬರೆದಿದ್ದಾರೆ. ಸೋತ ಕ್ರೈಸ್ತರು, ಯಹೂದಿಗಳು ಜಿಜಿಯಾ ಎಂಬ ತಲೆಗಂದಾಯ ಕೊಟ್ಟು ತಮ್ಮ ಧರ್ಮದಲ್ಲೇ ಉಳಿಯಬಹುದಿತ್ತು. ಇದಕ್ಕೆ ಆಧಾರ 9ನೇ ಅಧ್ಯಾಯದ 29ನೇ ಸೂಕ್ತ. ಭಾರತದಲ್ಲಿ ಸುನ್ನಿ ನ್ಯಾಯಶಾಸ್ತ್ರದ ಹನಫಿ ಪಂಥದ ಪ್ರಕಾರ ಹಿಂದೂಗಳಿಗೂ ಇದೇ ಸ್ಥಾನವನ್ನು ಅನ್ವಯಿಸಲಾಯಿತು. ಇಂದಿನ ಸಮಾನ ಪೌರತ್ವದ ಅಳತೆಗೋಲಿನಲ್ಲಿ ಇದು ಸಮಾನತೆಯಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಅದೇ ಶಾಸ್ತ್ರಕಾರರು ಯುದ್ಧದ ಸುತ್ತ ಬಿಗಿಯಾದ ಬೇಲಿಯನ್ನೂ ಕಟ್ಟಿದರು. ಯುದ್ಧ ಸಾರುವ ಅಧಿಕಾರ ದೊರೆಯದು. ಯಾರೋ ಒಬ್ಬ ವ್ಯಕ್ತಿ, ಒಂದು ಗುಂಪು ತಾನೇ ತೀರ್ಮಾನಿಸಿ ಸಾರುವಂತಿಲ್ಲ. ದಾಳಿಯ ಯುದ್ಧ ಸಮುದಾಯದ ಪಾಲಿನ ಕರ್ತವ್ಯ, ಅಂದರೆ ಸಾಕಷ್ಟು ಜನ ನಿರ್ವಹಿಸಿದರೆ ಉಳಿದವರ ಮೇಲೆ ಹೊಣೆಯಿಲ್ಲ. ಊರಿನ ಮೇಲೇ ಶತ್ರು ಬಂದಾಗ ಮಾತ್ರ ಅದು ಪ್ರತಿಯೊಬ್ಬರ ಹೊಣೆ. ಶಿಯಾ ಪಂಥದ ಹೆಚ್ಚಿನ ಶಾಸ್ತ್ರಕಾರರು ದಾಳಿಯ ಯುದ್ಧವನ್ನು ಪ್ರವಾದಿಯವರ ವಂಶದ ಇಮಾಮರು ಮಾತ್ರ ಸಾರಬಲ್ಲರು ಎಂದು ಇನ್ನೂ ಬಿಗಿ ಮಾಡಿದರು. ಒಪ್ಪಂದ ಮುರಿಯುವಂತಿಲ್ಲ, ಅಭಯ ಪಡೆದು ಬಂದ ಪರದೇಶಿಯನ್ನು ಮುಟ್ಟುವಂತಿಲ್ಲ, ಅಭಯ ಪಡೆದು ಪರದೇಶದಲ್ಲಿ ನೆಲೆಸಿದ ಮುಸ್ಲಿಮನೂ ಅಲ್ಲಿಯವರಿಗೆ ದ್ರೋಹ ಮಾಡುವಂತಿಲ್ಲ. ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುವುದನ್ನು ಪ್ರವಾದಿಯವರು ನಿಷೇಧಿಸಿದ ದಾಖಲೆ ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಪ್ರವಾದಿಯವರ ನಂತರ ಸಮುದಾಯವನ್ನು ಮುನ್ನಡೆಸಿದ ಮೊದಲ ಖಲೀಫ ಅಬೂಬಕರ್ ಸಿರಿಯಾಕ್ಕೆ ಹೊರಟ ಸೇನಾಪತಿಗೆ ಕೊಟ್ಟ ಹತ್ತು ಸೂಚನೆಗಳು ಇಮಾಂ ಮಾಲಿಕ್‌ರ ಸಂಗ್ರಹದಲ್ಲಿ ಉಳಿದಿವೆ: ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡ, ಹಣ್ಣಿನ ಮರ ಕಡಿಯಬೇಡ, ಜನವಸತಿಯನ್ನು ಹಾಳುಗೆಡವಬೇಡ, ಆಹಾರಕ್ಕಲ್ಲದೆ ಕುರಿ ಒಂಟೆಗಳನ್ನು ಕೊಲ್ಲಬೇಡ. ಆಶ್ರಮಗಳಲ್ಲಿ ದೇವರಿಗೆ ಮುಡಿಪಾಗಿ ಕುಳಿತ ಸನ್ಯಾಸಿಗಳನ್ನು ಅವರ ಪಾಡಿಗೆ ಬಿಟ್ಟುಬಿಡು ಎಂದೂ ಅವರು ಹೇಳಿದರು. ಸೂರ್ಯ ಮುಳುಗಿದ ಮೇಲೆ ಬಾಣ ಬಿಡಬಾರದು, ಆಯುಧ ಕೆಳಗಿಟ್ಟವನನ್ನು ಹೊಡೆಯಬಾರದು ಎಂಬ ಕುರುಕ್ಷೇತ್ರದ ಕಟ್ಟಳೆಗಳನ್ನು ಬಲ್ಲವರಿಗೆ ಈ ಬಗೆಯ ಯೋಚನೆ ಹೊಸತಲ್ಲ. ಅಲ್ಲಿ ಮುರಿದುಬಿದ್ದಂತೆ ಇಲ್ಲಿಯೂ ಆ ಕಟ್ಟಳೆಗಳು ಎಷ್ಟೋ ಸಲ ಮುರಿದುಬಿದ್ದಿವೆ.

ಎಲ್ಲೆಡೆ ಹರಿದಾಡುವ ಆ ಒಂದು ಸೂಕ್ತ

ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿರಿ ಎಂಬ ಸಾಲು ನಮ್ಮಲ್ಲಿ ಬಹಳ ಜನರ ಫೋನಿಗೆ ಬಂದಿದೆ. ಸಾಲು ಕುರ್‌ಆನ್‌ನಲ್ಲಿದೆ, 9ನೇ ಅಧ್ಯಾಯದ 5ನೇ ಸೂಕ್ತದಲ್ಲಿ. ಇಲ್ಲವೆಂದು ಹೇಳುವುದರಲ್ಲಿ ಅರ್ಥವಿಲ್ಲ. ಅದರ ಹಿಂದುಮುಂದು ಏನಿದೆ ಎಂಬುದನ್ನು ನೋಡಬೇಕು. ಈ ಭಾಗ ಪ್ರವಾದಿಯವರ ಕೊನೆಯ ವರ್ಷಗಳದ್ದು. ಮೆಕ್ಕಾ 630ರಲ್ಲಿ ಕೈವಶವಾದ ಮೇಲೆ, ಒಪ್ಪಂದ ಮುರಿದ ಅರಬ್ ಬುಡಕಟ್ಟುಗಳಿಗೆ ನಾಲ್ಕು ತಿಂಗಳ ಗಡುವು ಕೊಡುವ ಘೋಷಣೆ. 4ನೇ ಸೂಕ್ತ, ಒಪ್ಪಂದಕ್ಕೆ ಕುಂದು ತಾರದ, ನಿಮ್ಮ ವಿರುದ್ಧ ಯಾರಿಗೂ ನೆರವಾಗದ ಬಹುದೇವಾರಾಧಕರನ್ನು ಹೊರಗಿಡುತ್ತದೆ, ಅವರೊಂದಿಗಿನ ಒಪ್ಪಂದವನ್ನು ಅವಧಿ ಮುಗಿಯುವವರೆಗೂ ಪಾಲಿಸಿರಿ ಎನ್ನುತ್ತದೆ. 5ನೆಯದು ಕೊಲ್ಲುವ ಆಜ್ಞೆ. ಅವರು ಪಶ್ಚಾತ್ತಾಪಪಟ್ಟು ನಮಾಜ್, ಕಡ್ಡಾಯ ದಾನವಾದ ಜಕಾತ್ ಪಾಲಿಸಿದರೆ ಬಿಟ್ಟುಬಿಡಿ ಎಂಬ ಷರತ್ತೂ ಅದರಲ್ಲೇ ಇದೆ. 6ನೆಯದು, ಆ ಬಹುದೇವಾರಾಧಕರಲ್ಲಿ ಯಾರಾದರೂ ಆಶ್ರಯ ಬೇಡಿದರೆ ಕೊಡು, ದೇವರ ವಚನ ಕೇಳಲಿ, ಆಮೇಲೆ ಅವನನ್ನು ಅವನ ಸುರಕ್ಷಿತ ಜಾಗಕ್ಕೆ ತಲುಪಿಸು ಎನ್ನುತ್ತದೆ. ಕಂಡಲ್ಲಿ ಕೊಲ್ಲು ಎಂಬುದು ಎಲ್ಲ ಕಾಲದ ಎಲ್ಲರಿಗೂ ಅನ್ವಯಿಸುವ ಆಜ್ಞೆಯಾಗಿದ್ದರೆ ಮುಂದಿನ ಸೂಕ್ತದಲ್ಲೇ ಸುರಕ್ಷಿತವಾಗಿ ಮನೆ ಮುಟ್ಟಿಸು ಎಂಬ ಮಾತಿಗೆ ಜಾಗವಿರುತ್ತಿರಲಿಲ್ಲ.

ಮುಸ್ಲಿಂ ವ್ಯಾಖ್ಯಾನಕಾರರೆಲ್ಲರೂ ಇದನ್ನು ಒಂದೇ ಬಗೆಯಲ್ಲಿ ಓದಿಲ್ಲ ಎಂಬುದನ್ನೂ ಹೇಳಬೇಕು. ಈ ಸೂಕ್ತ ಹಿಂದಿನ ಸಂಧಾನದ ಸೂಕ್ತಗಳನ್ನೆಲ್ಲ ರದ್ದುಗೊಳಿಸಿತು ಎಂದು ಮಧ್ಯಯುಗದ ಕೆಲವರು ವಾದಿಸಿದರು. ಇದು ಆ ಕಾಲದ ಅರಬ್ ಬುಡಕಟ್ಟುಗಳಿಗಷ್ಟೇ ಅನ್ವಯ ಎಂದು ಬೇರೆಯವರು ವಾದಿಸಿದರು. ಧರ್ಮದಲ್ಲಿ ಬಲವಂತವಿಲ್ಲ ಎಂಬ 2ನೇ ಅಧ್ಯಾಯದ 256ನೇ ಸೂಕ್ತವನ್ನು ಆಧಾರವಾಗಿಟ್ಟುಕೊಂಡು ಆಧುನಿಕ ಕಾಲದ ಬಹುಪಾಲು ವಿದ್ವಾಂಸರು ಎರಡನೆಯ ಓದನ್ನು ಒಪ್ಪುತ್ತಾರೆ. ಉಗ್ರವಾದಿಗಳಿಗೆ ಬೇಕಾದದ್ದು ಮೊದಲನೆಯದು. ಇಸ್ಲಾಮನ್ನು ದ್ವೇಷಿಸುವವರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ.

ಬಿಜಾಪುರದ ಹೆಸರಿನಲ್ಲೊಂದು ಗ್ರಂಥ, ಇಸ್ತಾಂಬುಲಿನ ಒಂದು ಕರೆ

16ನೇ ಶತಮಾನದಲ್ಲಿ ಪೋರ್ಚುಗೀಸರು ಮಲಬಾರ್ ಕರಾವಳಿಯ ವ್ಯಾಪಾರವನ್ನು ಫಿರಂಗಿ ಬಲದಿಂದ ಕಸಿದುಕೊಂಡು, ಹಜ್ ಯಾತ್ರಿಕರ ಹಡಗುಗಳ ಮೇಲೂ ಬಿದ್ದಾಗ, ಪೊನ್ನಾನಿಯ ವಿದ್ವಾಂಸ ಝೈನುದ್ದೀನ್ ಮಖ್ದೂಮ್ ಅರಬಿಯಲ್ಲಿ ತುಹ್ಫತುಲ್ ಮುಜಾಹಿದೀನ್ ಎಂಬ ಗ್ರಂಥ ಬರೆದರು. ಮುಜಾಹಿದರಿಗೆ ಕಾಣಿಕೆ ಎಂದು ಅದರರ್ಥ. ಅದನ್ನು ಅವರು ಅರ್ಪಿಸಿದ್ದು ಬಿಜಾಪುರದ ಒಂದನೇ ಅಲಿ ಆದಿಲ್‌ಶಾಹನಿಗೆ. ಜಿಹಾದ್‌ಗೆ ಕರೆ ಕೊಡುವ ಈ ಗ್ರಂಥ ಕಲ್ಲಿಕೋಟೆಯ ಹಿಂದೂ ದೊರೆ ಸಾಮೂದಿರಿಯನ್ನು ಮೆಚ್ಚಿ ಮಾತಾಡುತ್ತದೆ. ಮಲಬಾರಿನ ಮುಸ್ಲಿಮರು ಪೋರ್ಚುಗೀಸರೊಂದಿಗೆ ಕಾದಾಡಿದ್ದು ಬಹುಕಾಲ ಆ ದೊರೆಯ ಪ್ರಜೆಗಳಾಗಿ, ಅವನ ನೌಕಾಪಡೆಯಾಗಿ. ಅವರ ಪಾಲಿಗೆ ಅದು ಪರದೇಶದ ದಾಳಿಯಿಂದ ತಮ್ಮ ನೆಲ, ಜಲ, ಜೀವನೋಪಾಯವನ್ನು ಕಾಪಾಡಿಕೊಳ್ಳುವ ಕೆಲಸವಾಗಿತ್ತು.

ಜಿಹಾದ್ ಎಂದು ಯಾರೋ ಕೂಗಿದರೆ ಲೋಕದ ಮುಸ್ಲಿಮರೆಲ್ಲ ಎದ್ದು ನಿಲ್ಲುತ್ತಾರೆ ಎಂಬ ಭಯಕ್ಕೆ 1914ರ ನವೆಂಬರಿನ ಘಟನೆ ಉತ್ತರ ಕೊಡುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜೊತೆ ಸೇರಿದ ಒಟ್ಟೋಮನ್ ಸಾಮ್ರಾಜ್ಯ, ಬ್ರಿಟನ್, ಫ್ರಾನ್ಸ್, ರಷ್ಯಾಗಳ ವಿರುದ್ಧ ಜಿಹಾದ್ ಘೋಷಿಸಿತು. ಘೋಷಿಸಿದವರು ಸುಲ್ತಾನನೂ ಖಲೀಫನೂ ಆಗಿದ್ದವರು, ಫತ್ವಾ ಕೊಟ್ಟವರು ಆ ಸಾಮ್ರಾಜ್ಯದ ಅತ್ಯುನ್ನತ ಧರ್ಮಾಧಿಕಾರಿ. ಇದಕ್ಕಿಂತ ಅಧಿಕೃತವಾದ ಕರೆ ಆ ಕಾಲದಲ್ಲಿ ಸಾಧ್ಯವೇ ಇರಲಿಲ್ಲ. ಆದರೂ ಬೀದರ್, ಕಲಬುರಗಿ, ರಾಯಚೂರುಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮರು ಬ್ರಿಟಿಷರ ಪರ ನಿಂತರು, ಬ್ರಿಟಿಷ್ ಭಾರತದ ಸೇನೆಯಲ್ಲಿದ್ದ ಸಾವಿರಾರು ಮುಸ್ಲಿಂ ಸೈನಿಕರು ತುರ್ಕರ ಎದುರು ಕಾದಾಡಿದರು. 1916ರಲ್ಲಿ ಮೆಕ್ಕಾದ ಆಡಳಿತಗಾರ ಷರೀಫ್ ಹುಸೈನರೇ ಖಲೀಫನ ವಿರುದ್ಧ ಬಂಡೆದ್ದರು. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡದ್ದು ಇದೇ ಯುದ್ಧದಲ್ಲಿ, ಇದೇ ಒಟ್ಟೋಮನ್ ಸೇನೆಯ ಎದುರು.

ಬೇಲಿ ಮುರಿದವರು

ಇಂದು ನಮಗೆ ಪರಿಚಿತವಾದ ಅರ್ಥ ಗಟ್ಟಿಯಾದದ್ದು ತೀರಾ ಇತ್ತೀಚೆಗೆ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು, 1989ರ ಫೆಬ್ರುವರಿಯಲ್ಲಿ ಹಿಂದೆ ಸರಿಯಿತು. ಈ ನಡುವೆ ಅದರೊಂದಿಗೆ ಸೆಣಸಿದವರನ್ನು ಜಗತ್ತಿನ ಪತ್ರಿಕೆಗಳು ಮುಜಾಹಿದೀನ್ ಎಂದು ಕರೆದವು. ಅವರಿಗೆ ಅಮೆರಿಕ, ಸೌದಿ ಅರೇಬಿಯಾ, ಪಾಕಿಸ್ತಾನಗಳಿಂದ ಹಣ, ಆಯುಧ ಹರಿಯಿತು, 1983ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಶ್ವೇತಭವನದಲ್ಲೇ ಅಫ್ಘನ್ ಹೋರಾಟಗಾರರನ್ನು ಭೇಟಿ ಮಾಡಿದರು. ಆಗ ಆ ಪದ ಪಶ್ಚಿಮಕ್ಕೂ ಹೊಗಳಿಕೆಯ ಮಾತಾಗಿತ್ತು. ಆ ರಣರಂಗಕ್ಕೆ ಹೊರದೇಶಗಳಿಂದ ಬಂದು ಸೇರಿದವರ ನಡುವಿನಿಂದ ಅಲ್ ಖೈದಾ ಹುಟ್ಟಿತು. 1998ರ ಫೆಬ್ರುವರಿಯಲ್ಲಿ ಒಸಾಮಾ ಬಿನ್ ಲಾದೆನ್ ಮತ್ತು ಸಂಗಡಿಗರು, ಸೈನಿಕರಿರಲಿ ನಾಗರಿಕರಿರಲಿ, ಅಮೆರಿಕನ್ನರನ್ನೂ ಅವರ ಮಿತ್ರರನ್ನೂ ಕೊಲ್ಲುವುದು ಪ್ರತಿಯೊಬ್ಬ ಮುಸ್ಲಿಮನ ಕರ್ತವ್ಯ ಎಂದು ಘೋಷಿಸಿದರು. ಶಾಸ್ತ್ರದ ಕಣ್ಣಲ್ಲಿ ಈ ಘೋಷಣೆ ಬೇಲಿಯ ಪ್ರತಿಯೊಂದು ಗೂಟವನ್ನೂ ಕಿತ್ತುಹಾಕಿತು: ಸಾರಿದವನು ದೊರೆಯಲ್ಲ, ಧರ್ಮಶಾಸ್ತ್ರದ ಪಂಡಿತನೂ ಅಲ್ಲ, ಗುರಿಯಾದವರು ನಿಶ್ಶಸ್ತ್ರ ನಾಗರಿಕರು. 2001ರ ಸೆಪ್ಟೆಂಬರ್ 11ರ ದಾಳಿ ಅದರ ಮುಂದುವರಿಕೆ. 2014ರ ಜೂನಿನಲ್ಲಿ ಐಸಿಸ್ ತನ್ನನ್ನೇ ಖಿಲಾಫತ್ ಎಂದು ಸಾರಿಕೊಂಡಿತು. ಅದರ ಕೈಯಲ್ಲಿ ಸತ್ತವರಲ್ಲಿ ಇರಾಕಿನ ಅಲ್ಪಸಂಖ್ಯಾತ ಧರ್ಮೀಯರಾದ ಯಝೀದಿಗಳು, ಕ್ರೈಸ್ತರು ಇದ್ದಂತೆ ಶಿಯಾ, ಸುನ್ನಿ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿದ್ದರು.

ಮುಸ್ಲಿಂ ವಿದ್ವಾಂಸರು ಇದನ್ನು ಖಂಡಿಸುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಉತ್ತರ ಪ್ರದೇಶದ ದಾರುಲ್ ಉಲೂಮ್ ದೇವಬಂದ್ 2008ರ ಫೆಬ್ರುವರಿಯಲ್ಲಿ ದೇಶದ ನಾನಾ ಭಾಗಗಳ ಉಲೇಮಾಗಳನ್ನು, ಅಂದರೆ ಧರ್ಮಪಂಡಿತರನ್ನು, ಸೇರಿಸಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧವೆಂದು ಘೋಷಿಸಿತು. ಮಂಗೋಲರ ವಿರುದ್ಧ ಇಬ್ನ್ ತೈಮಿಯ್ಯಾ 14ನೇ ಶತಮಾನದಲ್ಲಿ ಕೊಟ್ಟಿದ್ದ, ಉಗ್ರವಾದಿಗಳು ಪದೇಪದೇ ಉಲ್ಲೇಖಿಸುವ ಅಭಿಪ್ರಾಯವನ್ನು ಇಂದಿನ ಹಿಂಸೆಗೆ ಆಧಾರವಾಗಿಸುವಂತಿಲ್ಲ ಎಂದು 2010ರಲ್ಲಿ ತುರ್ಕಿಯ ಮಾರ್ದಿನ್ ನಗರದಲ್ಲಿ ಸೇರಿದ ವಿದ್ವಾಂಸರು ಹೇಳಿದರು. 2014ರ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ವಿದ್ವಾಂಸರು ಐಸಿಸ್ ಮುಖಂಡ ಬಗ್ದಾದಿಗೆ ಬರೆದ ಬಹಿರಂಗ ಪತ್ರ, ಕುರ್‌ಆನ್, ಹದೀಸ್, ಫಿಕ್ಹ್‌ಗಳ ಆಧಾರದಲ್ಲೇ ಅವನ ಒಂದೊಂದು ಕೃತ್ಯವನ್ನೂ ಎತ್ತಿಕೊಂಡು ನಿಷಿದ್ಧವೆಂದು ತೋರಿಸಿತು. ಇಂಥ ಪತ್ರಗಳು ಮುಖಪುಟದ ಸುದ್ದಿಯಾಗುವುದು ಅಪರೂಪ.

ಇನ್ನೂ ಕೆಲವು ತಪ್ಪು ತಿಳಿವಳಿಕೆ

ಜಿಹಾದ್ ಇಸ್ಲಾಮಿನ ಐದು ಸ್ತಂಭಗಳಲ್ಲಿ ಒಂದು ಎಂದು ಹಲವರು ತಿಳಿದಿದ್ದಾರೆ. ಆ ಐದು ಎಂದರೆ ನಂಬಿಕೆಯ ಘೋಷಣೆಯಾದ ಕಲಿಮಾ, ನಮಾಜ್, ಉಪವಾಸವಾದ ರೋಜಾ, ಜಕಾತ್, ಹಜ್. ಜಿಹಾದ್ ಅದರಲ್ಲಿಲ್ಲ. ಶಹೀದ್ ಎಂಬ ಪದಕ್ಕೂ ಹೀಗೆಯೇ ಒಂದೇ ಬಣ್ಣ ಬಳಿಯಲಾಗಿದೆ. ಅದರ ಮೂಲ ಅರ್ಥ ಸಾಕ್ಷಿ. ಪ್ಲೇಗಿನಲ್ಲಿ ಸತ್ತವರು, ನೀರಿನಲ್ಲಿ ಮುಳುಗಿ ಸತ್ತವರು, ಕಟ್ಟಡ ಕುಸಿದು ಸತ್ತವರು, ಹೆರಿಗೆಯಲ್ಲಿ ಪ್ರಾಣಬಿಟ್ಟ ತಾಯಂದಿರು ಕೂಡ ಶಹೀದರೇ ಎನ್ನುವ ಹದೀಸ್‌ಗಳಿವೆ. ಕುಟುಂಬದಲ್ಲಿ ಅಂಥ ಸಾವು ಕಂಡವರಿಗೆ ಆ ಮಾತು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ಹೇಳಬೇಕಾಗಿಲ್ಲ. 72 ಕನ್ಯೆಯರ ಸಂಖ್ಯೆ ಕುರ್‌ಆನ್‌ನಲ್ಲಿಲ್ಲ, ತಿರ್ಮಿದಿಯ ಒಂದು ಹದೀಸ್‌ನಲ್ಲಿದೆ. ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂಬ 4ನೇ ಅಧ್ಯಾಯದ 29ನೇ ಸೂಕ್ತವನ್ನು ಆತ್ಮಹತ್ಯೆಯ ನಿಷೇಧಕ್ಕೆ ಆಧಾರವಾಗಿ ಬಳಸುತ್ತಾರೆ. ಆತ್ಮಹತ್ಯಾ ಬಾಂಬ್ ದಾಳಿಗಳನ್ನು ಸಮರ್ಥಿಸುವವರು ಮೊದಲು ದಾಟಬೇಕಾದ ಗೋಡೆ ಅದು.

ನಮ್ಮಲ್ಲಿ ಹುಟ್ಟಿದ ಜೋಡುಪದಗಳು

ಭಾರತದಲ್ಲಿ ಈಚಿನ ವರ್ಷಗಳಲ್ಲಿ ಈ ಪದಕ್ಕೆ ಹಲವು ಜೊತೆಗಾರರು ಸಿಕ್ಕಿದ್ದಾರೆ. ಅವುಗಳಲ್ಲಿ ಹೆಚ್ಚು ಹರಡಿದ್ದು ಲವ್ ಜಿಹಾದ್. ಹಿಂದೂ ಅಥವಾ ಕ್ರೈಸ್ತ ಯುವತಿಯರನ್ನು ಪ್ರೀತಿಯ ನೆಪದಲ್ಲಿ ಮತಾಂತರಿಸುವ ಸಂಘಟಿತ ಸಂಚಿದೆ ಎಂಬ ಆರೋಪದ ಹೆಸರು ಅದು. ಕೇರಳ ಮತ್ತು ಕರಾವಳಿ ಕರ್ನಾಟಕದಲ್ಲಿ 2009ರ ಸುಮಾರಿಗೆ ಈ ಮಾತು ಜೋರಾಯಿತು, ಆ ವರ್ಷ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪೊಲೀಸ್ ತನಿಖೆಗೆ ಆದೇಶಿಸಿದ್ದೂ ಉಂಟು. ಇಸ್ಲಾಮೀ ನ್ಯಾಯಶಾಸ್ತ್ರದ ಯಾವ ಪಂಥದಲ್ಲೂ ಇಂಥ ಹೆಸರಿನ, ಇಂಥ ಬಗೆಯ ಜಿಹಾದ್ ಇಲ್ಲ. ಪದವನ್ನು ಕಟ್ಟಿದವರು ಆರೋಪ ಮಾಡುವವರು. ವಂಚನೆಯಿಂದ ಮದುವೆಯಾಗುವುದು, ಬೆದರಿಸಿ ಮತಾಂತರಿಸುವುದು ನಡೆದರೆ ಅವು ಅಪರಾಧಗಳೇ, ಅವನ್ನು ತನಿಖೆ ಮಾಡಲು ಬೇರೆ ಹೆಸರು ಬೇಕಿಲ್ಲ. 2020ರ ಫೆಬ್ರುವರಿ 4ರಂದು ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವರು ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಈಗಿರುವ ಕಾನೂನುಗಳಲ್ಲಿ ಲವ್ ಜಿಹಾದ್ ಎಂಬ ಪದಕ್ಕೆ ವ್ಯಾಖ್ಯೆಯಿಲ್ಲ, ಕೇಂದ್ರದ ಯಾವ ತನಿಖಾ ಸಂಸ್ಥೆಯೂ ಅಂಥ ಪ್ರಕರಣ ವರದಿ ಮಾಡಿಲ್ಲ ಎಂದು ತಿಳಿಸಿದರು. ಅದೇ ವರ್ಷ ಉತ್ತರ ಪ್ರದೇಶ ತಂದ ಮತಾಂತರ ನಿರ್ಬಂಧದ ಸುಗ್ರೀವಾಜ್ಞೆಯಲ್ಲಾಗಲಿ, 2022ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಾಗಲಿ ಬಲವಂತ, ಆಮಿಷ, ವಂಚನೆ, ಮದುವೆ ಎಂಬ ಮಾತುಗಳಿವೆ. ಜಿಹಾದ್ ಎಂಬ ಮಾತು ಎರಡರಲ್ಲೂ ಇಲ್ಲ.